ಮುಂದಿನ ಕ್ಯಾರಿಯರು

ಭಾರ ಹೊರುವುದರಲ್ಲಿ ನಮ್ಮ ಕಡೆಯವರಿಗೆ ಒಂದು ಶಾಸ್ತ್ರವೇ ಉಂಟು. ಹುಲ್ಲಿನ ಹೊರೆ ತಲೆಯ ಮೇಲೆ, ನೀರಿನ ಕೊಡ ಸೊಂಟದ ಮೇಲೆ, ನೇಗಿಲು ಹೆಗಲ ಮೇಲೆ, ಭತ್ತದ ಮೂಟೆ ಬೆನ್ನಿನ ಮೇಲೆ, ಮಗು ಕಂಕುಳಲ್ಲಿ. ಯಾವುದನ್ನೂ ಯಾರೂ ಪುಸ್ತಕ ನೋಡಿ ಕಲಿತದ್ದಲ್ಲ. ಆದರೆ ನೇಗಿಲನ್ನು ತಲೆಯ ಮೇಲೂ ಕೊಡವನ್ನು ಬೆನ್ನಿನ ಮೇಲೂ ಇಟ್ಟುಕೊಂಡು ಹೊರಟವನನ್ನು ಊರಿನ ಹುಡುಗರು ಸುಮ್ಮನೆ ಬಿಡುವುದಿಲ್ಲ. ಇಂತಹ ಶಾಸ್ತ್ರಜ್ಞರ ನಾಡಿಗೆ ಬೈಸಿಕಲ್ಲು ಬಂತು. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿ ನಗರದಲ್ಲಿ ಸ್ಟಾರ್ಲಿ ಎಂಬ ಮಹನೀಯ ಎರಡು ಸಮಚಕ್ರಗಳ 'ರೋವರ್' ಗಾಡಿಯನ್ನು ಹೊರತಂದಾಗ ಅದರ ಮೇಲೆ ಒಬ್ಬ ಮನುಷ್ಯ ಕೂರಲಿ ಎಂದಷ್ಟೇ ಯೋಚಿಸಿದ್ದನೆಂದು ಕಾಣುತ್ತದೆ. ಅದರ ಮೇಲೆ ಹೆಂಡತಿ, ಇಬ್ಬರು ಮಕ್ಕಳು, ಎರಡು ಹಾಲಿನ ಕ್ಯಾನು, ಒಂದು ಗೊನೆ ಬಾಳೆಕಾಯಿ ಇವೆಲ್ಲಕ್ಕೂ ಜಾಗವುಂಟೆಂದು ಕಂಡುಹಿಡಿದವರು ನಾವು.

ಮಂಡ್ಯದ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಈ ಮಾತು ಉತ್ಪ್ರೇಕ್ಷೆಯೆನಿಸದು. ಕಬ್ಬಿನ ಸೋಗೆಯ ಹೊರೆ ಹೊತ್ತ ಸೈಕಲ್ಲು ದೂರದಿಂದ ಬರುವಾಗ ಸೈಕಲ್ಲೂ ಕಾಣುವುದಿಲ್ಲ, ಸವಾರನೂ ಕಾಣುವುದಿಲ್ಲ. ಒಂದು ಹಸಿರು ಪೊದೆ ತಾನೇ ತಾನಾಗಿ ಗಂಟೆ ಬಾರಿಸಿಕೊಂಡು ಬರುತ್ತಿರುವಂತೆ ತೋರುತ್ತದೆ. ಇಷ್ಟೆಲ್ಲ ಸಾಮಾನೂ ಏರುವುದು ಹಿಂದಿನ ಕ್ಯಾರಿಯರಿನ ಮೇಲೆ. ಸೈಕಲ್ಲು ಮಾಡಿದವರ ಲೆಕ್ಕವೂ ಅದೇ. ಹಳೆಯ ಮಾದರಿಯ ಕರಿಯ ಸೈಕಲ್ಲು ಯಾರ ಮನೆಯಲ್ಲಾದರೂ ಉಳಿದಿದ್ದರೆ ವಾಚಕರು ಅದರ ಚಕ್ರದ ಕಡ್ಡಿಗಳನ್ನು ಎಣಿಸಿ ನೋಡಬಹುದು: ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40. ಹೊರುವವನು ಹಿಂದಿನವನು, ದಾರಿ ತೋರುವವನು ಮುಂದಿನವನು ಎಂದು ಹುಟ್ಟಿನಲ್ಲೇ ಕೆಲಸ ಹಂಚಿ ಕಳಿಸಿದ್ದಾರೆ.

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಾದ್ದರಿಂದ ನನಗೆ ಇದರಲ್ಲಿ ವ್ಯಾಕರಣವೂ ಕಾಣುತ್ತದೆ. ಕನ್ನಡ ಹಿಂದಿನ ಕ್ಯಾರಿಯರಿನ ಭಾಷೆ. ಏನನ್ನು ಹೇರಿದರೂ ಪದದ ಬೆನ್ನಿಗೇ ಹೇರುತ್ತದೆ. ಪರದೇಶದ 'ಸೈಕಲ್' ಬಂದರೆ ಮೊದಲು ಹಿಂದುಗಡೆ ಒಂದು ಉಕಾರವನ್ನು ಬಿಗಿದು 'ಸೈಕಲ್ಲು' ಎಂದು ಮನೆಯೊಳಕ್ಕೆ ಕರೆದುಕೊಳ್ಳುತ್ತದೆ. ಆಮೇಲೆ ಸೈಕಲ್ಲನ್ನು, ಸೈಕಲ್ಲಿನಿಂದ, ಸೈಕಲ್ಲಿಗೆ, ಸೈಕಲ್ಲಿನವನಿಗೂ ಎಂದು ಒಂದರ ಮೇಲೊಂದು ಗಂಟು ಕಟ್ಟುತ್ತ ಹೋಗುತ್ತದೆ. ಮುಂದೆ ಕಟ್ಟುವುದು ಅದರ ಸ್ವಭಾವವಲ್ಲ. ಪ್ರ, ಪರಾ, ಅಪ, ಸಮ್ ಎಂಬ ಉಪಸರ್ಗಗಳೆಲ್ಲ ಸಂಸ್ಕೃತದಿಂದ ಬಂದ ಮುಂದಿನ ಕ್ಯಾರಿಯರುಗಳು. ಆದುದರಿಂದ ಸೈಕಲ್ಲಿಗೆ ಮುಂದೊಂದು ಕ್ಯಾರಿಯರು ಹಾಕಿಸಬೇಕೆಂಬ ಯೋಚನೆ ಬಂದಾಗ ಅದು ಸೈಕಲ್ಲಿನ ಜಾಯಮಾನಕ್ಕೂ ನಮ್ಮ ಭಾಷೆಯ ಜಾಯಮಾನಕ್ಕೂ ಸ್ವಲ್ಪ ಹೊರತಾದ ಯೋಚನೆಯೇ ಎಂದು ನನಗೆ ತಿಳಿದಿತ್ತು.

ಸೈಕಲ್ಲು ನನ್ನದಲ್ಲ, ನಮ್ಮ ತಂದೆಯವರದು. ಅವರು ಪಾಂಡವಪುರದ ಕಡೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದರು. 1976ರಲ್ಲಿ ಕೊಂಡ ಹರ್ಕ್ಯುಲಿಸ್ ಗಾಡಿ. 28 ಅಂಗುಲದ ಚಕ್ರ, ಕಂಬಿಯ ಬ್ರೇಕು, ಹಂಸದ ಕೊರಳಿನಂತೆ ಬಾಗಿದ ಹ್ಯಾಂಡಲು. ಬಾಬುರಾಯನಕೊಪ್ಪಲಿನಿಂದ ಶಾಲೆಗೆ, ಶಾಲೆಯಿಂದ ಮನೆಗೆ, ಬಿಡುವಿನಲ್ಲಿ ಗದ್ದೆಗೆ, ಸಂತೆಗೆ ಅದರ ಮೇಲೆಯೇ ಓಡಾಡಿದರು. ನಿವೃತ್ತರಾದ ಮೇಲೂ ಬಿಡಲಿಲ್ಲ. ಅವರು ತೀರಿಕೊಂಡು ಆರು ವರ್ಷವಾಯಿತು. ಅವರದೊಂದು ಕಟ್ಟಳೆ ಇತ್ತು: ಹಿಂದಿನ ಕ್ಯಾರಿಯರು ಮನುಷ್ಯರಿಗೆ ಮೀಸಲು. ದಾರಿಯಲ್ಲಿ ಯಾರಾದರೂ ನಡೆದು ಹೋಗುತ್ತಿದ್ದರೆ ಗಾಡಿ ನಿಲ್ಲಿಸಿ ಕೂರಿಸಿಕೊಳ್ಳಬೇಕು. ಸಾಮಾನು ಕಟ್ಟಿಬಿಟ್ಟರೆ 'ಜಾಗ ಇಲ್ಲ' ಎನ್ನಲು ನೆಪ ಸಿಕ್ಕಂತಾಗುತ್ತದೆ. ಆದಕಾರಣ ಸಾಮಾನು ಹ್ಯಾಂಡಲಿಗೆ ನೇತುಬೀಳಬೇಕು. ಚೀಲಗಳು ಎರಡು ಕಡೆಯೂ ಜೋತಾಡುತ್ತಿದ್ದ ಆ ಹ್ಯಾಂಡಲಿನ ಹಿಂದೆ, ಅಡ್ಡಕೊಳವೆಯ ಮೇಲೆ ಟವೆಲ್ಲು ಮಡಿಸಿ ಹಾಸಿದ ಜಾಗದಲ್ಲಿ ಕೂತು ನಾನು ಲೋಕವನ್ನು ಮೊದಲು ನೋಡಿದ್ದು.

ಈಗ ಹಿಂದಿನ ಕ್ಯಾರಿಯರಿನಲ್ಲಿ ಕೂರುವವಳು ನನ್ನ ಮಗಳು. ಪಟ್ಟಣದ ಒಂದು ಶಾಲೆಯಲ್ಲಿ ಆರನೆಯ ತರಗತಿ. (ನಮ್ಮ ಕಡೆ ಬರಿಯ 'ಪಟ್ಟಣ' ಎಂದರೆ ಶ್ರೀರಂಗಪಟ್ಟಣವೆಂದೇ ಅರ್ಥ.) ಬೆಳಗ್ಗೆ ನನಗೂ ಅದೇ ದಿಕ್ಕಿನ ಕೆಲಸ. ಅವಳು ಹಗುರ, ತೊಂದರೆ ಅವಳದಲ್ಲ, ಅವಳ ಬೆನ್ನ ಮೇಲಿನ ಚೀಲದ್ದು. ಮಕ್ಕಳ ಪುಸ್ತಕದ ಚೀಲ ಎಷ್ಟು ತೂಗಬೇಕೆಂದು ಕರ್ನಾಟಕ ಸರಕಾರ 2019ರಲ್ಲಿ ಆಜ್ಞೆ ಮಾಡಿದೆ. ಒಂದು ಎರಡನೆಯ ತರಗತಿಗೆ ಎರಡು ಕಿಲೋ ಮೀರಬಾರದು. ಆರರಿಂದ ಎಂಟರವರೆಗೆ ಮೂರರಿಂದ ನಾಲ್ಕು ಕಿಲೋ. ತಿಂಗಳ ಮೂರನೆಯ ಶನಿವಾರ ಚೀಲವೇ ಬೇಡ. ಒಳ್ಳೆಯ ಆಜ್ಞೆ. ಒಂದು ದಿನ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಅವಳ ಚೀಲವನ್ನು ಇಟ್ಟು ನೋಡಿದೆ. ಆರು ಕಿಲೋ ಮುನ್ನೂರು ಗ್ರಾಂ. ಅಂಗಡಿಯಾತ, 'ಮೇಷ್ಟ್ರೇ, ಇಷ್ಟು ಬೆಲ್ಲ ತಗಂಡಿದ್ರೆ ವರ್ಷದ ಹಬ್ಬಕ್ಕಾಗೋದು' ಎಂದ. ಆ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಅವಳು ಕ್ಯಾರಿಯರಿನಲ್ಲಿ ಕೂತರೆ ಭಾರವೆಲ್ಲ ಹಿಂದಕ್ಕೆ ಜಗ್ಗುತ್ತದೆ. ಗುಂಡಿ ಬಂದಾಗ ಅವಳ ಎರಡು ಕೈಯೂ ನನ್ನ ಅಂಗಿಯನ್ನು ಹಿಡಿದುಕೊಳ್ಳುವ ಬಿಗಿಯಲ್ಲೇ ನನಗೆ ಅದು ಗೊತ್ತಾಗುತ್ತಿತ್ತು. ಹ್ಯಾಂಡಲಿಗೆ ನೇತುಹಾಕಿದರೆ ಚೀಲ ಮೊಣಕಾಲಿಗೆ ಬಡಿಯುತ್ತದೆ, ಒಂದೊಂದು ಸಲ ಚಕ್ರದ ಕಡ್ಡಿಯತ್ತಲೂ ಇಣುಕುತ್ತದೆ.

ಸ್ಕೂಟರು ಕೊಳ್ಳಬಾರದೆ ಎಂದು ಕೇಳುವವರಿದ್ದಾರೆ. ಸ್ಕೂಟರಿಗೂ ಈಗ ನಮ್ಮ ಪಕ್ಕದ ದೊಡ್ಡ ರಸ್ತೆ ದಕ್ಕುವುದಿಲ್ಲ. 2023ರ ಮಾರ್ಚಿ 12ರಂದು ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು; ಅದೇ ವರ್ಷ ಆಗಸ್ಟ್ 1ರಿಂದ ಅದರ ನಡುವಿನ ಆರು ಪಥದಲ್ಲಿ ಸ್ಕೂಟರು, ಆಟೋ, ಟ್ರ್ಯಾಕ್ಟರು ಯಾವುದೂ ಹೋಗಕೂಡದೆಂದು ಆಯಿತು. ಸೈಕಲ್ಲಿನ ಮಾತಂತೂ ಕೇಳಲೇಬೇಡಿ. ಸರ್ವೀಸ್ ರಸ್ತೆ, ಹಳೆಯ ರಸ್ತೆ, ಊರೊಳಗಿನ ದಾರಿ ಇವೇ ನಮ್ಮವು. ನಿಧಾನವಾಗಿ ಹೋಗುವವರ ದಾರಿಯಲ್ಲಿ ನಿಧಾನವಾಗಿ ಹೋಗುವ ಗಾಡಿಯೇ ಸಾಕಲ್ಲವೆ?

ಮುಂದೆ ಕ್ಯಾರಿಯರು ಹಾಕಿಸುತ್ತೇನೆಂದು ಮನೆಯಲ್ಲಿ ಹೇಳಿದೆ. ಮನೆಯವಳು 'ಮೊದಲೇ ಹಾಕಿಸಬೇಕಿತ್ತು' ಎಂದಳು. ಅವ್ವ ಮಾತಾಡಲಿಲ್ಲ. ರಾತ್ರಿ ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ, 'ಅದ್ಕೆ ತೂತು ಕೊರೀತಾರಾ?' ಎಂದು ಕೇಳಿದಳು.

'ಒಂದೆರಡು ಕೊರೀಬೇಕಾಗಬಹುದು ಅವ್ವ, ಬೋಲ್ಟು ಹಾಕೋಕೆ.'

'ತೂತು ಕೊರಿಯೋದು ಬ್ಯಾಡ ಕಣಪ್ಪ.'

'ಯಾಕವ್ವ? ಕಬ್ಬಿಣ ತಾನೆ?'

'ಕಬ್ಬಿಣವೇ ಇರ್ಲಿ. ಅವ್ರು ಬಂದು ನೋಡುದ್ರೆ ಗುರ್ತು ಸಿಕ್ಬೇಕಲ್ಲ.'

ಈ ಮಾತಿಗೆ ಎಂ.ಎ. ತರಗತಿಯಲ್ಲಿ ಕಲಿತ ಯಾವ ಉತ್ತರವೂ ಹೊಂದುವುದಿಲ್ಲ. ತೀರಿಕೊಂಡವರು ಬರುವುದಿಲ್ಲವೆಂದು ಅವ್ವನಿಗೆ ನಾನು ಕಲಿಸಬೇಕಾಗಿಲ್ಲ. ಅವರ ಬಾಯಿಗೆ ಕೊನೆಯ ಗುಟುಕು ನೀರು ಬಿಟ್ಟವಳು ಅವಳು. ಆದರೂ ಆರು ವರ್ಷದಿಂದ ಪ್ರತಿ ಶುಕ್ರವಾರ ಆ ಸೈಕಲ್ಲನ್ನು ಹಳೆಯ ಪಂಚೆಯ ತುಂಡಿನಿಂದ ಒರೆಸಿ, ಹ್ಯಾಂಡಲಿಗೆ ಒಂದು ಹೂ ಸಿಕ್ಕಿಸುತ್ತ ಬಂದಿದ್ದಾಳೆ. ಆಯುಧಪೂಜೆ ವರ್ಷಕ್ಕೊಂದು ದಿನ ಎಂಬುದು ಪಂಚಾಂಗದ ಲೆಕ್ಕ. ನಮ್ಮ ಮನೆಯ ಲೆಕ್ಕ ಬೇರೆ. ಒಂದು ಕಡೆ ಮಗಳ ಬೆನ್ನು, ಇನ್ನೊಂದು ಕಡೆ ಅವ್ವನ ಗುರುತು. ನಡುವೆ ಅರ್ಧ ಅಂಗುಲದ ಒಂದು ತೂತು.

ಹುಡುಕಾಟ ಆರಂಭವಾಯಿತು. ಹುಡುಗಿಯರ ಸೈಕಲ್ಲಿಗೆ ಮುಂದೆ ಕಟ್ಟುವ ತಂತಿಯ ಬುಟ್ಟಿ ಎಲ್ಲ ಅಂಗಡಿಯಲ್ಲೂ ಉಂಟು. ಅದು ಹ್ಯಾಂಡಲಿಗೆ ಕೊಕ್ಕೆ ಹಾಕಿಕೊಂಡು ಕೂರುವ ಜಾತಿ. ಟಿಫಿನ್ ಡಬ್ಬಿಗೆ ಸರಿ, ಆರು ಕಿಲೋ ಕಂಡರೆ ತಲೆ ತಗ್ಗಿಸಿ ಮಡ್‌ಗಾರ್ಡಿನ ಮೇಲೆ ಮಲಗುತ್ತದೆ. ಜಪಾನಿನಲ್ಲಿ ತಾಯಂದಿರು ಇಂತಹ ಬುಟ್ಟಿಯ ಸೈಕಲ್ಲುಗಳಲ್ಲೇ ಸಂತೆ ಸಂಸಾರ ಎಲ್ಲ ನಡೆಸುತ್ತಾರೆ, ನಿಜ. ಆದರೆ ಅಲ್ಲಿ ಬುಟ್ಟಿಯ ಕೆಳಗೆ ಚಕ್ರದ ಆಕ್ಸಲಿನಿಂದ ಎದ್ದ ಕಾಲುಗಳು ಇರುತ್ತವೆ. ಬೆಂಗಳೂರಿನಲ್ಲಿರುವ ನನ್ನ ಭಾವಮೈದುನ ವಿಷಯ ಕೇಳಿ, ಅಂಚೆಯಲ್ಲಿ ಒಂದು ಹೊಸ ಮಾದರಿಯ ಅಲ್ಯೂಮಿನಿಯಂ ಕ್ಯಾರಿಯರು ತರಿಸಿ ಕಳಿಸಿದ. ನೋಡಲು ಬಹು ಸುಂದರ. ಆದರೆ ಅದರ ಮೇಲ್ತುದಿ ಬ್ರೇಕಿನ ಬೋಲ್ಟು ಇರುವ ಕಡೆ ಹಿಡಿದುಕೊಳ್ಳಬೇಕೆಂದು ಬಯಸುತ್ತದೆ. ನಮ್ಮ ಗಾಡಿಗೆ ಅಂತಹ ಬೋಲ್ಟೇ ಇಲ್ಲ. ಅದರ ಕಾಲಿನ ರಂಧ್ರ ದಪ್ಪ. ನಮ್ಮ ಮುಂದಿನ ಆಕ್ಸಲು 5/16 ಅಂಗುಲ. ಹೊಸ ಅಳಿಯ ಹಳೆಯ ಮನೆಗೆ ಬಂದು ಮಂಚ ಸಾಲದೆ ಒದ್ದಾಡಿದಂತೆ ಅದು ಎರಡು ದಿನ ಜಗಲಿಯ ಮೇಲೆ ಇದ್ದು ಬಂದ ದಾರಿಯಲ್ಲೇ ಹಿಂದಿರುಗಿತು.

ಕೊನೆಗೆ ಪಟ್ಟಣದ ಒಂದು ಗಲ್ಲಿಯಲ್ಲಿರುವ ಹಳೆಯ ಸೈಕಲ್ ಶಾಪಿಗೆ ಹೋದೆ. ಯಜಮಾನರಿಗೆ ಎಪ್ಪತ್ತು ದಾಟಿದೆ. ಒಂದು ಕಾಲದಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಇಪ್ಪತ್ತು ಸೈಕಲ್ಲು ಸಾಲಾಗಿ ನಿಲ್ಲಿಸಿದ್ದವರು. ಈಗ ಪಂಕ್ಚರು, ಗಾಳಿ, ಬೆಂಡು ತೆಗೆಯುವುದು ಇಷ್ಟೇ. ಸೈಕಲ್ಲನ್ನು ನೋಡಿದವರೇ, ನನ್ನನ್ನು ನೋಡದೆ, 'ಇದು ದೊಡ್ಡ ಮೇಷ್ಟ್ರ ಗಾಡಿ ಅಲ್ವಾ?' ಎಂದರು. ಅವರಿಗೆ ಗುರುತು ಸಿಕ್ಕಿತ್ತು. ಅವ್ವನ ಮಾತು ನೆನಪಾಗಿ ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ.

ತೂತು ಕೊರೆಯದೆ ಕ್ಯಾರಿಯರು ಆಗಬೇಕೆಂದು ಹೇಳಿದೆ. ಕಾರಣ ಹೇಳಲಿಲ್ಲ, ಅವರೂ ಕೇಳಲಿಲ್ಲ. ಕುಕ್ಕುರುಗಾಲಿನಲ್ಲಿ ಕೂತು ಮುಂದಿನ ಚಕ್ರವನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿದರು. ಆಮೇಲೆ ಹೇಳಿದ ಮಾತನ್ನು ನಾನು ತರಗತಿಯಲ್ಲಿ ಹೇಳುವ ಅನೇಕ ಮಾತುಗಳಿಗಿಂತ ಮೇಲೆಂದು ತಿಳಿದಿದ್ದೇನೆ.

'ನೋಡಿ ಮೇಷ್ಟ್ರೇ, ಈ ಗಾಡೀಲಿ ತಿರುಗೋದು ಅಂತ ಒಂದೈತೆ, ನಿಂತಿರೋದು ಅಂತ ಒಂದೈತೆ. ಹ್ಯಾಂಡಲು, ಫೋರ್ಕು, ಚಕ್ರ ತಿರುಗ್ತವೆ. ಫ್ರೇಮು ನಿಂತಿರ್ತದೆ. ಕ್ಯಾರಿಯರು ಯಾವ್ದಾರಾ ಒಂದರ ಕಡೆ ಇರ್ಬೇಕು. ಕಾಲು ಆಕ್ಸಲಿಗೆ ಹಾಕಿ ತಲೆ ಫ್ರೇಮಿಗೆ ಕಟ್ಟುದ್ರೆ ಮೊದಲ್ನೇ ತಿರುವಿನಲ್ಲೇ ಮುರೀತದೆ, ಇಲ್ಲ ನಿಮ್ಮನ್ನ ಬೀಳಿಸ್ತದೆ.'

ಇಂಗ್ಲೆಂಡಿನಲ್ಲಿ ರೊಟ್ಟಿ ಮಾರುವವರ ಸೈಕಲ್ಲುಗಳಲ್ಲಿ ಎರಡನೆಯ ಪದ್ಧತಿ ಇತ್ತು: ಕ್ಯಾರಿಯರು ಪೂರ್ತಿಯಾಗಿ ಫ್ರೇಮಿಗೇ ಸೇರಿದ್ದು, ಕೆಳಗೆ ಮುಂದಿನ ಚಕ್ರ ಮಾತ್ರ ಚಿಕ್ಕದು. ಹ್ಯಾಂಡಲು ತಿರುಗಿದರೂ ರೊಟ್ಟಿಯ ಬುಟ್ಟಿ ಮುಖ ತಿರುಗಿಸುವುದಿಲ್ಲ. ಅದಕ್ಕೆ ಗಾಡಿಯೇ ಬೇರೆ ಬೇಕು. ನಮ್ಮದಕ್ಕೆ ಮೊದಲನೆಯ ಪದ್ಧತಿಯೇ ಗತಿ. ಅದರಲ್ಲೂ ಒಂದು ತೊಡಕು: ಕಂಬಿಯ ಬ್ರೇಕು. ಹಿಡಿಕೆಯಿಂದ ಹೊರಟ ಕಂಬಿ ಫೋರ್ಕಿನ ಮುಂದುಗಡೆಯೇ ಇಳಿದು, ಚಕ್ರವನ್ನು ಕುದುರೆಯ ರಿಕಾಪಿನಂತೆ ಎರಡು ಕಡೆಯಿಂದ ಅಪ್ಪಿಕೊಂಡು, ಬ್ರೇಕು ಹಿಡಿದಾಗ ಮೇಲಕ್ಕೆ ಎದ್ದು ರಿಮ್ಮಿನ ಒಳಮೈಗೆ ರಬ್ಬರನ್ನು ಒತ್ತುತ್ತದೆ. ಕ್ಯಾರಿಯರಿನ ಯಾವ ಸರಳೂ ಆ ಕಂಬಿಯ ಏರಿಳಿತಕ್ಕೆ ಅಡ್ಡ ಬರಕೂಡದು. ಹೊರೆ ಹೊರಲು ಹೋಗಿ ನಿಲ್ಲುವ ಶಕ್ತಿಯನ್ನೇ ಕಳೆದುಕೊಂಡರೆ ಪ್ರಯೋಜನವೇನು?

ಯಜಮಾನರು ಮೂರು ದಿನ ತೆಗೆದುಕೊಂಡರು. ಗೇಟು ಕಿಟಕಿ ಮಾಡುವವನ ಬಳಿ ಕುಳಿತು ಸಣ್ಣ ಸರಳುಗಳನ್ನು ಬಗ್ಗಿಸಿ, ಬೆಸುಗೆ ಹಾಕಿಸಿ, ಒಂದು ಚೌಕಟ್ಟನ್ನು ಮಾಡಿಸಿದರು. ಅದರ ಎರಡು ಉದ್ದ ಕಾಲುಗಳು ಬ್ರೇಕಿನ ಕಂಬಿಯನ್ನು ಬಳಸಿಕೊಂಡು ಇಳಿದು ಮುಂದಿನ ಆಕ್ಸಲಿನ ಎರಡು ತುದಿಗೆ ಬರುತ್ತವೆ. ಅಲ್ಲಿ ಮಡ್‌ಗಾರ್ಡಿನ ಕಡ್ಡಿ ಮೊದಲೇ ಇದ್ದುದರಿಂದ ನಟ್ಟಿಗೆ ಹಿಡಿಯಲು ಎರಡೇ ಮರೆ ಉಳಿಯುತ್ತಿತ್ತು. 'ಎರಡು ಮರೆ ನಂಬಿ ಮಗೂನ ಕೂರಿಸ್ಕಂಡು ಹೋಗಾಕಿಲ್ಲ' ಎಂದು ಅವರು ಅದನ್ನು ಬಿಚ್ಚಿ, ತಮ್ಮ ಹಳೆಯ ಡಬ್ಬದಲ್ಲಿ ಕೈಯಾಡಿಸಿ, ಅದೇ ದಪ್ಪದ, ಸ್ವಲ್ಪ ಉದ್ದವಾದ ಇನ್ನೊಂದು ಆಕ್ಸಲನ್ನು ಹುಡುಕಿ ಹಾಕಿದರು. ಹಳೆಯದನ್ನು ಎಣ್ಣೆ ಸವರಿದ ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಇನ್ನು ತಲೆಯ ಕಡೆ. ಹಿಂದಿನ ಕಾಲದಲ್ಲಿ ರಾತ್ರಿ ದೀಪವಿಲ್ಲದೆ ಹೋದರೆ ಪೊಲೀಸರು ಹಿಡಿಯುತ್ತಿದ್ದರಲ್ಲ, ಆ ದೀಪ ಸಿಕ್ಕಿಸಲು ಹ್ಯಾಂಡಲಿನ ಕೆಳಗೆ, ಫೋರ್ಕಿನ ಮೇಲಿನ ನಟ್ಟಿನಡಿಯಲ್ಲಿ ಒಂದು ಕಬ್ಬಿಣದ ನಾಲಗೆ ಇರುತ್ತದೆ. ತಂದೆಯವರ ದೀಪ ಹೋಗಿ ಎಷ್ಟೋ ವರ್ಷವಾಗಿತ್ತು, ನಾಲಗೆ ಉಳಿದಿತ್ತು. ಅದು ಹ್ಯಾಂಡಲಿನೊಡನೆ ತಿರುಗುವಂತಹುದು. ಕ್ಯಾರಿಯರಿನ ಹಿಂಬದಿಯನ್ನು ಅದಕ್ಕೇ ಬಿಗಿದರು. ತಿರುಗುವುದೆಲ್ಲ ಒಂದು ಕಡೆಯಾಯಿತು. ತೂತು ಒಂದೂ ಇಲ್ಲ.

ಒಂದು ಕೊರತೆ ಉಳಿಯಿತು. ನಮ್ಮ ಸೈಕಲ್ಲಿನ ಸ್ಟ್ಯಾಂಡು ಹಿಂದಿನ ಚಕ್ರದ್ದು. ನಿಲ್ಲಿಸಿದಾಗ ಮುಂದಿನ ಚಕ್ರ ಸ್ವತಂತ್ರ. ಮೇಲೆ ಭಾರವಿದ್ದರೆ ಹ್ಯಾಂಡಲು ಸರ್ರನೆ ತಿರುಗಿ ಗಾಡಿಯೇ ಮಗುಚುತ್ತದೆ. ಹೊರದೇಶಗಳಲ್ಲಿ ಇದಕ್ಕೆಂದೇ ಫೋರ್ಕಿಗೂ ಫ್ರೇಮಿಗೂ ನಡುವೆ ಒಂದು ಸ್ಪ್ರಿಂಗು ಹಾಕುತ್ತಾರೆ. ಯಜಮಾನರು ಹಳೆಯ ಟ್ಯೂಬಿನ ಒಂದು ತುಂಡನ್ನು ಕತ್ತರಿಸಿ ಅದೇ ಜಾಗಕ್ಕೆ ಬಿಗಿದರು. ಸ್ಪ್ರಿಂಗಿನ ಕೆಲಸವನ್ನು ಟ್ಯೂಬು ಚೆನ್ನಾಗಿಯೇ ಮಾಡುತ್ತದೆ. ಕೊನೆಗೆ, 'ಮುಂದೆ ಆರು ಕೆಜಿ, ಹೆಚ್ಚು ಅಂದ್ರೆ ಏಳು. ಅದ್ರ ಮೇಲೆ ಹಾಕ್ಬೇಡಿ. ಮುಂದಿನ ಚಕ್ರ ಪಾಪದ್ದು' ಎಂದರು.

ಮುಂದೆ ಭಾರವಿಟ್ಟು ಸೈಕಲ್ಲು ತುಳಿಯುವುದು ಬೇರೊಂದು ವಿದ್ಯೆ. ಮೊದಲ ನಾಲ್ಕು ಗಜ ಹ್ಯಾಂಡಲು ಭಾರವಾಗಿ, ಹೇಳಿದ ಮಾತು ಕೇಳದ ಹೋರಿಯಂತೆ ಒಂದು ಕಡೆಗೆ ಎಳೆಯುತ್ತದೆ. ವೇಗ ಬಂದಮೇಲೆ ಮಾತ್ರ ಆಶ್ಚರ್ಯ: ಹಿಂದೆಂದೂ ಇಲ್ಲದಷ್ಟು ನೆಟ್ಟಗೆ ಹೋಗುತ್ತದೆ. ಹ್ಯಾಂಡಲಿನ ಕೊಳವೆಯ ಗೆರೆಯನ್ನು ಕೆಳಕ್ಕೆ ಎಳೆದುಕೊಂಡು ಹೋದರೆ ಅದು ನೆಲ ಮುಟ್ಟುವ ಜಾಗ ಮುಂದೆ, ಟೈರು ನೆಲ ಮುಟ್ಟುವ ಜಾಗ ಅದಕ್ಕಿಂತ ಸ್ವಲ್ಪ ಹಿಂದೆ. ಆದುದರಿಂದ ಚಕ್ರ ಸದಾ ಆ ಗೆರೆಯನ್ನು ಹಿಂಬಾಲಿಸುತ್ತ ನೆಟ್ಟಗಾಗಲು ನೋಡುತ್ತದೆ. ಮೇಲೆ ಭಾರವಿದ್ದಷ್ಟೂ ಆ ಹಟ ಹೆಚ್ಚು. ಆದರೆ ನನಗೆ ಮುಖ್ಯವೆನಿಸಿದ್ದು ಇದಲ್ಲ. ಹಿಂದೆ ಕಟ್ಟಿದ ಹೊರೆಯನ್ನು ಸವಾರ ಮರೆಯಬಹುದು. ಬಿದ್ದುಹೋದರೆ ಬೇರೆ ಯಾರಾದರೂ ಕೂಗಿ ಹೇಳಬೇಕು. ಮುಂದಿನ ಹೊರೆ ಕಣ್ಣೆದುರಿಗೇ ಇರುತ್ತದೆ, ಕೈಗೆ ಪ್ರತಿ ತಿರುವಿನಲ್ಲೂ ತಿಳಿಯುತ್ತದೆ. ಮಗಳು ದಿನವೂ ಎಷ್ಟನ್ನು ಹೊರುತ್ತಿದ್ದಳೆಂಬುದನ್ನು ತಕ್ಕಡಿ ಸಂಖ್ಯೆಯಲ್ಲಿ ಹೇಳಿತ್ತು. ಹ್ಯಾಂಡಲು ಅದನ್ನು ನನ್ನ ಎರಡು ರಟ್ಟೆಗೆ ತಿಳಿಸಿ ಹೇಳಿತು. ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು ಚೀಲದ ಮಾತು ಎತ್ತಿದ್ದು ಅದರ ಮರುವಾರವೇ. ಈಗ ಎರಡು ದಪ್ಪ ಪುಸ್ತಕಗಳು ಶಾಲೆಯ ಬೀರುವಿನಲ್ಲೇ ಉಳಿಯುತ್ತವೆ.

ಇದೇ ಶ್ರೀರಂಗಪಟ್ಟಣದಲ್ಲಿ, 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ, ಎಲೆಯಡಿಕೆಯ ಸಂಚಿಯನ್ನು ಹೊರುವ ಊಳಿಗದ ಹೊನ್ನಮ್ಮ ಎಂಬ ಹೆಣ್ಣುಮಗಳಿದ್ದಳು. ಸಂಚಿ ಎಂದರೆ ಚೀಲ. ಚೀಲ ಹೊರುತ್ತಿದ್ದವಳು 'ಹದಿಬದೆಯ ಧರ್ಮ'ವನ್ನು ಬರೆದಳು. ಇಂದಿಗೂ ನಾವು ಅವಳನ್ನು ಸಂಚಿಯ ಹೊನ್ನಮ್ಮನೆಂದೇ ಕರೆಯುತ್ತೇವೆ. ಆ ಕಾವ್ಯವನ್ನು ಪಾಠ ಹೇಳುವಾಗಲೆಲ್ಲ ನನಗೊಂದು ಯೋಚನೆ: ಸಂಚಿ ಹಗುರವಾಗಿತ್ತೆಂದು ತೋರುತ್ತದೆ. ಭಾರವಾಗಿದ್ದರೆ ಅವಳ ತಲೆಗೆ ಸಾಂಗತ್ಯ ಹೊಳೆಯಲು ಬಿಡುವೆಲ್ಲಿ ಇರುತ್ತಿತ್ತು? ಮಕ್ಕಳ ಚೀಲ ತೂಗುವ ದೊಡ್ಡವರು ಇದನ್ನು ಸ್ವಲ್ಪ ಆಲೋಚಿಸಬೇಕು.

ಹಳೆಯ ಸಾಮಾನನ್ನು ಉಳಿಸುವುದೆಂದರೇನು ಎಂಬುದರಲ್ಲಿ ಎರಡು ಪಕ್ಷಗಳಿವೆ. ಬಳಸದೆ, ಮುಟ್ಟದೆ, ಗಾಜಿನೊಳಗೆ ಇಡುವುದು ಒಂದು. ಬೇಕಾದಂತೆ ಕಡಿದು ಕೊರೆದು ಕಾಲಕ್ಕೆ ಹೊಂದಿಸುವುದು ಇನ್ನೊಂದು. ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದ ನಮ್ಮ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳು ಇಂದು ಮೊದಲನೆಯ ಪಕ್ಷಕ್ಕೆ ಸೇರಿವೆ. ಕೋಟೆಯನ್ನು ಸೀಳಿಕೊಂಡು ಹೋದ ರೈಲುದಾರಿ ಎರಡನೆಯದಕ್ಕೆ. ಸೈಕಲ್ಲಿನ ಲೋಕದಲ್ಲಂತೂ ಉಳಿಸುವ ಮಾತೇ ಕಡಿಮೆಯಾಗುತ್ತಿದೆ. 1951ರಲ್ಲಿ ಸೋನೆಪತ್ತಿನಲ್ಲಿ ಹುಟ್ಟಿದ ಅಟ್ಲಾಸ್ ಕಂಪೆನಿಯ ಸಾಹಿಬಾಬಾದ್ ಕಾರ್ಖಾನೆ ಬಾಗಿಲು ಹಾಕಿದ್ದು 2020ರ ಜೂನ್ 3ರಂದು, ವಿಶ್ವ ಬೈಸಿಕಲ್ ದಿನದಂದೇ. ಯಜಮಾನರ ಡಬ್ಬದಲ್ಲಿರುವ ಆಕ್ಸಲುಗಳು ಮುಗಿದರೆ ಮುಂದೆ ಎಲ್ಲಿಗೆ ಹೋಗಬೇಕೋ. ಆದರೆ ಅವರು ತೋರಿಸಿದ್ದು ಮೂರನೆಯದೊಂದು ಪಕ್ಷ: ಹಳೆಯದರಲ್ಲಿ ಯಾವ ಜಾಗ ಖಾಲಿ ಇದೆಯೆಂದು ನೋಡಿ, ಅದರ ಮೈಗೆ ಗಾಯ ಮಾಡದೆ, ಬೇಕೆಂದಾಗ ತೆಗೆಯುವಂತೆ ಹೊಸ ಕೆಲಸವನ್ನು ಅದಕ್ಕೆ ಒಪ್ಪಿಸುವುದು. ದೀಪ ಹೋದರೂ ನಾಲಗೆ ಕಾದಿತ್ತು.

ಗಾಡಿಯನ್ನು ಮನೆಗೆ ತಂದ ದಿನ ಅವ್ವ ಕನ್ನಡಕ ಹಾಕಿಕೊಂಡು ಅಂಗಳಕ್ಕೆ ಬಂದಳು. ಫೋರ್ಕಿನ ಎರಡು ಕಡೆಯೂ ಬೆರಳಾಡಿಸಿ ನೋಡಿದಳು. ಎಣ್ಣೆ ಕಾಗದದಲ್ಲಿದ್ದ ಹಳೆಯ ಆಕ್ಸಲನ್ನು ಬಿಚ್ಚಿ ನೋಡಿ ಮತ್ತೆ ಸುತ್ತಿದಳು.

'ಇದ ಬಿಚ್ಚುದ್ರೆ ಮೊದ್ಲಂಗೇ ಆಯ್ತದಾ?'

'ಆಯ್ತದೆ ಅವ್ವ. ಮೂರು ನಟ್ಟು, ಅಷ್ಟೇ.'

'ಹಂಗಾರೆ ಇರ್ಲಿ ಬುಡು.'

ಆಕ್ಸಲು ಅವಳ ಟ್ರಂಕಿನಲ್ಲಿ, ಅಪ್ಪನ ಕನ್ನಡಕದ ಪಕ್ಕದಲ್ಲಿದೆ. ಭಾನುವಾರ ಚೀಲದ ಕೆಲಸವಿಲ್ಲದಾಗ ಮುಂದಿನ ಕ್ಯಾರಿಯರಿನ ಮೇಲೆ ಅವ್ವ ಹಿತ್ತಲಿನ ನುಗ್ಗೆಕಾಯಿಯ ಕಟ್ಟನ್ನೋ, ಕರಿಬೇವಿನ ಸೊಪ್ಪನ್ನೋ ಇಟ್ಟು, 'ಪಟ್ಟಣಕ್ಕೆ ಹೋದ್ರೆ ಆ ಸೈಕಲ್ ಯಜಮಾನ್ರ ಮನೆಗೆ ಕೊಟ್ಟು ಬಾ' ಎನ್ನುತ್ತಾಳೆ. ನುಗ್ಗೆಕಾಯಿ ಆರು ಕಿಲೋ ಮೀರದಂತೆ ನೋಡಿಕೊಳ್ಳುವ ಹೊಣೆ ಮಾತ್ರ ನನ್ನದು.